ತೊಲ ತೂಕದ ಗುಂಡು, ಸಾವಿರ ಗಜದ ಗುರಿ

ಮಕ್ಕಳೇ, ಮೊದಲು ನಿಮಗೊಂದು ಪ್ರಶ್ನೆ. ಬಹಳ ದೂರದಲ್ಲಿರುವ ಗುರಿಯೊಂದಕ್ಕೆ ರೈಫಲ್‌ನಿಂದ ಗುಂಡು ಹೊಡೆಯಬೇಕಾಗಿದೆ. ದೂರ ಎಂದರೆ ಸಾವಿರ ಗಜ, ಅಂದರೆ 914 ಮೀಟರ್. ಬಿರುಸಾಗಿ ನಡೆದರೂ ಹತ್ತು ನಿಮಿಷ ಬೇಕು. ನಿಮ್ಮ ಮುಂದೆ ಎರಡು ಗುಂಡುಗಳಿವೆ. ಒಂದು ಹಗುರ, ಇನ್ನೊಂದು ಭಾರ. ಯಾವುದನ್ನು ಆರಿಸುತ್ತೀರಿ?

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನಡೆಯುತ್ತಿದ್ದಾಗ ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಇದೇ ಚರ್ಚೆ ಎದ್ದಿತು. ಏಳನೇ ತರಗತಿಯ ಮೊಮ್ಮಗ, "ಹಗುರದ್ದೇ ಒಳ್ಳೇದು ತಾತ, ಜೋರಾಗಿ ಹೋಗುತ್ತೆ" ಎಂದ. ಪಿ.ಯು.ಸಿ. ಓದುತ್ತ ಎನ್.ಸಿ.ಸಿ. ಸೇರಿರುವ ಮೊಮ್ಮಗಳು, "ಭಾರದ್ದೇ ಸರಿ, ಗಾಳಿಗೆ ಅಲ್ಲಾಡೋದಿಲ್ಲ" ಎಂದಳು. ಅವರ ಅಜ್ಜಿ, "ಎರಡೂ ಬೇಡ, ಸಾರು ಆರಿಹೋಗುತ್ತೆ, ಮೊದಲು ಊಟಕ್ಕೆ ಏಳಿ" ಎಂದರು.

ಊಟದ ವಿಷಯದಲ್ಲಿ ಅಜ್ಜಿ ಹೇಳಿದ್ದು ಪೂರ್ತಿ ಸರಿ. ಗುಂಡಿನ ವಿಷಯದಲ್ಲಿ ಮೊಮ್ಮಕ್ಕಳಿಬ್ಬರೂ ಅರ್ಧರ್ಧ ಸರಿ. ಆ ಎರಡು ಅರ್ಧಗಳನ್ನು ಒಂದು ಮಾಡುವುದಕ್ಕೆ ದೊಡ್ಡ ದೊಡ್ಡ ಬುದ್ಧಿವಂತರಿಗೇ ಇನ್ನೂರು ವರ್ಷ ಹಿಡಿಯಿತು. ಆ ಕಥೆಯನ್ನು ಈ ವಾರ ಹೇಳುತ್ತೇನೆ.

ತಕ್ಕಡಿಯಿಂದ ಶುರು ಮಾಡೋಣ

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸೈನಿಕನೂ ಅಲ್ಲ, ವಿಜ್ಞಾನಿಯೂ ಅಲ್ಲ. ಆದರೆ ತೂಕ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಒಡವೆ ಸಾಲದ ಕೌಂಟರಿನಲ್ಲಿದ್ದ ವರ್ಷಗಳಲ್ಲಿ ಚಿನ್ನ ಪರೀಕ್ಷಿಸುವ ಅಕ್ಕಸಾಲಿಗರ ಪಕ್ಕದಲ್ಲೇ ನನ್ನ ಮೇಜು. ಫ್ಯಾನಿನ ಗಾಳಿಗೆ ತಕ್ಕಡಿಯ ಮುಳ್ಳು ನಡುಗಿದರೂ ಅವರು ಫ್ಯಾನ್ ಆರಿಸಿ ಮತ್ತೆ ತೂಗುತ್ತಿದ್ದರು. ತೊಲ, ಗುಲಗಂಜಿಗಳ ಹಳೆಯ ಲೆಕ್ಕ ನನಗೆ ಹೇಳಿಕೊಟ್ಟವರು ಅವರೇ.

ಇಂಗ್ಲೆಂಡ್, ಅಮೆರಿಕಗಳಲ್ಲಿ ಗುಂಡಿನ ತೂಕವನ್ನು ಇಂದಿಗೂ "ಗ್ರೇನ್" ಎಂಬ ಅಳತೆಯಲ್ಲಿ ಹೇಳುತ್ತಾರೆ. ಗ್ರೇನ್ ಎಂದರೆ ಕಾಳು. ಬಾರ್ಲಿ ಕಾಳಿನ ತೂಕದಿಂದ ಬಂದ ಅಳತೆ ಅದು. 7,000 ಗ್ರೇನ್ ಸೇರಿದರೆ ಒಂದು ಪೌಂಡ್. ಒಂದು ಗ್ರಾಮಿಗೆ ಸುಮಾರು ಹದಿನೈದೂವರೆ ಗ್ರೇನ್. ಅವರು ಬಾರ್ಲಿ ಇಟ್ಟು ತೂಗಿದಂತೆ ನಮ್ಮವರು ಗುಲಗಂಜಿ ಇಟ್ಟು ತೂಗಿದರು. (ಕೆಂಪು ಮೈ, ಕಪ್ಪು ಕಣ್ಣಿನ ಆ ಬೀಜ ನೋಡಲು ಚೆಂದ, ಆದರೆ ವಿಷ. ಬಾಯಿಗೆ ಹಾಕಬೇಡಿ.) ಹಳೆಯ ಲೆಕ್ಕದಲ್ಲಿ 96 ಗುಲಗಂಜಿಗೆ ಒಂದು ತೊಲ. ಬ್ರಿಟಿಷರ ಆಡಳಿತದಲ್ಲಿ ತೊಲವನ್ನು ಸರಿಯಾಗಿ 180 ಗ್ರೇನ್ ಎಂದು ನಿಗದಿ ಮಾಡಿದರು. ಅಂದಿನ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ.

ಈಗ ಮಜಾ ನೋಡಿ. ನನ್ನ ವಯಸ್ಸಿನವರಿಗೆ "ತ್ರೀ ನಾಟ್ ತ್ರೀ" ರೈಫಲ್ ಗೊತ್ತು. ಪೊಲೀಸ್ ಠಾಣೆಯ ಮುಂದೆ ಕಾವಲುಗಾರನ ಕೈಯಲ್ಲಿ ಎಷ್ಟೋ ವರ್ಷ ನೋಡಿದ್ದೇವೆ. ಅದರ ಗುಂಡು 174 ಗ್ರೇನ್. ತೊಲಕ್ಕೆ ಆರೇ ಗ್ರೇನ್ ಕಮ್ಮಿ! ಅಂದರೆ ಅಜ್ಜಿಯ ಪೆಟ್ಟಿಗೆಯಲ್ಲಿರುವ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗೂ ಆ ಗುಂಡಿಗೂ ಹೆಚ್ಚುಕಮ್ಮಿ ಒಂದೇ ತೂಕ.

ಇನ್ನೊಂದು ಮಾತು. ತೋಟಾ ಬೇರೆ, ಗುಂಡು ಬೇರೆ. ಹಿತ್ತಾಳೆಯ ಚಿಪ್ಪು, ಒಳಗಿನ ಮದ್ದು, ತುದಿಯ ಗುಂಡು ಎಲ್ಲ ಸೇರಿ ತೋಟಾ. ಮದ್ದು ಉರಿದಾಗ ಚಿಪ್ಪು ಕೋವಿಯಲ್ಲೇ ಉಳಿಯುತ್ತದೆ. ನಳಿಗೆ ದಾಟಿ ಹಾರುವುದು ಗುಂಡು ಮಾತ್ರ. ನಾವು ತೂಗುತ್ತಿರುವುದು ಅದನ್ನೇ.

ಗಾಳಿಯ ತಡೆ

ಗಾಳಿ ಎಂದರೆ ಏನೂ ಇಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಗುಂಡಿಗೆ ಹಾಗಲ್ಲ. ಇದನ್ನು ಮೊದಲು ಅಳೆದು ತೋರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1742ರಲ್ಲಿ ಅವನು ಫಿರಂಗಿ ವಿದ್ಯೆಯ ಮೇಲೆ ಒಂದು ಪುಸ್ತಕ ಬರೆದ. ಅವನ ಉಪಾಯ ಸರಳ. ಭಾರವಾದ ಮರದ ತುಂಡೊಂದನ್ನು ಉಯ್ಯಾಲೆಯ ಹಾಗೆ ತೂಗುಹಾಕಿದ. ಅದಕ್ಕೆ ಗುಂಡು ಹೊಡೆದ. ಉಯ್ಯಾಲೆ ಎಷ್ಟು ಹಿಂದಕ್ಕೆ ಹೋಯಿತು ಎಂದು ಅಳೆದು ಗುಂಡಿನ ವೇಗ ಲೆಕ್ಕ ಹಾಕಿದ. ಉಯ್ಯಾಲೆಯನ್ನು ಹತ್ತಿರ ಇಟ್ಟು ಒಮ್ಮೆ, ದೂರ ಇಟ್ಟು ಒಮ್ಮೆ ಹೊಡೆದರೆ ದಾರಿಯಲ್ಲಿ ಗಾಳಿ ಎಷ್ಟು ವೇಗ ಕದ್ದಿತು ಎಂಬುದೂ ತಿಳಿಯುತ್ತದೆ.

ಉತ್ತರ ನೋಡಿ ಅಂದಿನವರು ಬೆಚ್ಚಿದರು. ಬಂದೂಕಿನಿಂದ ಹೊರಟ ಸೀಸದ ಗುಂಡನ್ನು ಗಾಳಿ ತಡೆಯುವ ಬಲ ಆ ಗುಂಡಿನ ತೂಕದ ನೂರು ಪಟ್ಟಿಗೂ ಹೆಚ್ಚು! ಅಲ್ಲಿಯವರೆಗೆ ಗಾಳಿಯ ತಡೆ ಲೆಕ್ಕಕ್ಕಿಲ್ಲ ಎಂದು ನಂಬಿದ್ದ ಪಂಡಿತರೇ ಹೆಚ್ಚು.

ಈ ರಾಬಿನ್ಸ್ ನಮ್ಮ ದೇಶಕ್ಕೂ ಬಂದ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸುವ ಎಂಜಿನಿಯರಾಗಿ 1750ರಲ್ಲಿ ಇಲ್ಲಿಗೆ ಬಂದವನು ಮರುವರ್ಷವೇ ತಮಿಳುನಾಡಿನ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಆಗ ಅವನಿಗೆ ನಲವತ್ತನಾಲ್ಕೇ ವರ್ಷ.

ಗಾಳಿಯ ತಡೆಯನ್ನು ನೀವೂ ನೋಡಬಹುದು. ನೋಟ್‌ಬುಕ್ಕಿನ ಒಂದೇ ಅಳತೆಯ ಎರಡು ಹಾಳೆ ತೆಗೆದುಕೊಳ್ಳಿ. ಒಂದನ್ನು ಹಾಗೇ ಬಿಡಿ, ಇನ್ನೊಂದನ್ನು ಬಿಗಿಯಾಗಿ ಮುದುಡಿ ಉಂಡೆ ಮಾಡಿ. ಎರಡನ್ನೂ ಒಟ್ಟಿಗೆ ಕೈಬಿಡಿ. ಉಂಡೆ ನೆಟ್ಟಗೆ ನೆಲ ಸೇರುತ್ತದೆ. ಹಾಳೆ ತೂಗಾಡಿ ತೂಗಾಡಿ ಎಲ್ಲೋ ಹೋಗಿ ಬೀಳುತ್ತದೆ. ತೂಕ ಎರಡಕ್ಕೂ ಒಂದೇ. ಗಾಳಿಗೆ ಒಡ್ಡಿದ ಮುಖದ ಅಗಲ ಮಾತ್ರ ಬೇರೆ. ಗುಂಡಿನ ಆಯ್ಕೆಯ ಅರ್ಧ ರಹಸ್ಯ ಈ ಹಾಳೆಯಲ್ಲೇ ಇದೆ.

ಒಂದೇ ತೂಕ, ಎರಡು ಗುಂಡು

ಈ ಹಾಳೆಯ ಆಟವನ್ನೇ ದೊಡ್ಡ ಪ್ರಮಾಣದಲ್ಲಿ ಆಡಿದವನು ಜೋಸೆಫ್ ವಿಟ್ವರ್ತ್. ಮ್ಯಾಂಚೆಸ್ಟರ್‌ನ ಎಂಜಿನಿಯರ್. ಬೋಲ್ಟು ನಟ್ಟುಗಳ ಮರೆಗಳಿಗೆ ಒಂದೇ ಅಳತೆ ಗೊತ್ತು ಮಾಡಿದ ಮಹಾನುಭಾವ. 1854ರಲ್ಲಿ ಬ್ರಿಟಿಷ್ ಸರ್ಕಾರ ಅವನನ್ನು ಕರೆದು, ಎನ್‌ಫೀಲ್ಡ್ ರೈಫಲ್‌ಗಳನ್ನು ಬೇಗ ಬೇಗ ಮಾಡಲು ಯಂತ್ರ ಬೇಕು ಎಂದಿತು. ವಿಟ್ವರ್ತ್, "ಯಾವ ನಳಿಗೆ ಒಳ್ಳೆಯದು ಎಂದು ಮೊದಲು ಪರೀಕ್ಷೆ ಮಾಡೋಣ, ಆಮೇಲೆ ಯಂತ್ರ" ಎಂಬ ನಿಲುವು ಹಿಡಿದ. ತನ್ನ ಮನೆಯ ಆವರಣದಲ್ಲೇ 500 ಗಜ ಉದ್ದದ ಮುಚ್ಚಿದ ಓಣಿ ಕಟ್ಟಿಸಿದ. ಬಿರುಗಾಳಿಗೆ ಅದು ಕುಸಿಯಿತು. ಮತ್ತೆ ಕಟ್ಟಿಸಿದ. ಒಳಗೆ ಅಲ್ಲಲ್ಲಿ ತೆಳು ಕಾಗದದ ಪರದೆ ಇಳಿಬಿಟ್ಟ. ಗುಂಡು ಪರದೆಗಳನ್ನು ತೂತು ಮಾಡಿಕೊಂಡು ಹೋದರೆ ಅದು ನಡೆದ ದಾರಿ ಕಣ್ಣಿಗೇ ಕಾಣುತ್ತದೆ.

ಎನ್‌ಫೀಲ್ಡ್ ಗುಂಡು 530 ಗ್ರೇನ್, ಅಂದರೆ ಮೂರು ತೊಲಕ್ಕೆ ಹತ್ತು ಗ್ರೇನ್ ಕಮ್ಮಿ. ನಳಿಗೆಯ ಅಗಲ ಸುಮಾರು ಹದಿನಾಲ್ಕೂವರೆ ಮಿಲಿಮೀಟರ್. ವಿಟ್ವರ್ತ್ ತೂಕ ಬದಲಿಸಲಿಲ್ಲ. ಅದೇ 530 ಗ್ರೇನ್ ಸೀಸವನ್ನು ಹನ್ನೊಂದೂವರೆ ಮಿಲಿಮೀಟರ್ ನಳಿಗೆಗೆ ಹೊಂದುವಂತೆ ತೆಳ್ಳಗೆ, ಉದ್ದಕ್ಕೆ ಮಾಡಿದ. ನಮ್ಮ ಹಾಳೆ ಉಂಡೆಯಾದ ಹಾಗೆ ಗಾಳಿಗೆ ಒಡ್ಡುವ ಮುಖ ಕಿರಿದಾಯಿತು.

1857ರಲ್ಲಿ ಹೈತ್ ಎಂಬಲ್ಲಿನ ಸೈನ್ಯದ ಶಾಲೆಯಲ್ಲಿ ಎರಡು ರೈಫಲ್‌ಗಳಿಗೂ ಪಂದ್ಯ ನಡೆಯಿತು. 500 ಗಜ ದೂರದಲ್ಲಿ ಎನ್‌ಫೀಲ್ಡ್ ಗುಂಡುಗಳು ನಡುಬಿಂದುವಿನಿಂದ ಸರಾಸರಿ 2.24 ಅಡಿ ಆಚೀಚೆ ಬಿದ್ದವು. ವಿಟ್ವರ್ತ್ ಗುಂಡುಗಳು 0.37 ಅಡಿ, ಅಂದರೆ ನಾಲ್ಕೂವರೆ ಅಂಗುಲ ಮಾತ್ರ. 1,400 ಗಜಕ್ಕೆ ಹೋದಾಗ ಎನ್‌ಫೀಲ್ಡ್ ಲೆಕ್ಕ ಇಡುವಂತೆಯೇ ಇರಲಿಲ್ಲ.

1857 ಎಂದೊಡನೆ ನಿಮಗೆ ಇತಿಹಾಸದ ಪಾಠ ನೆನಪಾಗಿರಬೇಕು. ಹೌದು, ಅದೇ ಎನ್‌ಫೀಲ್ಡ್. ಅದರ ತೋಟಾಕ್ಕೆ ಹಚ್ಚಿದ ಕೊಬ್ಬಿನ ವಿಷಯವೇ ನಮ್ಮ ಸಿಪಾಯಿಗಳ ಸಿಟ್ಟಿಗೆ ಕಿಡಿ ಹಚ್ಚಿತು. ಆ ವರ್ಷದ ನವೆಂಬರಿನಲ್ಲಿ ನಮ್ಮ ಮುಧೋಳ ಸೀಮೆಯ ಹಲಗಲಿಯ ಬೇಡರು, ಆಯುಧ ಒಪ್ಪಿಸಿ ಎಂಬ ಕಾನೂನಿಗೆ ತಲೆಬಾಗದೆ ಹೋರಾಡಿದರು. ಅಲ್ಲಿ ಅಂಗುಲಗಳ ಲೆಕ್ಕ ನಡೆಯುತ್ತಿದ್ದ ವರ್ಷವೇ ಇಲ್ಲಿ ಜನ ಪ್ರಾಣ ಕೊಡುತ್ತಿದ್ದರು.

ಮೂರು ವರ್ಷದ ನಂತರ, 1860ರ ಜುಲೈ 2ರಂದು, ವಿಂಬಲ್ಡನ್‌ನಲ್ಲಿ ಇಂಗ್ಲೆಂಡಿನ ರೈಫಲ್ ಸಂಘದ ಮೊದಲ ಪಂದ್ಯ. ವಿಟ್ವರ್ತ್ ರೈಫಲನ್ನು ಚೌಕಟ್ಟಿನಲ್ಲಿ ಬಿಗಿದಿಟ್ಟಿದ್ದರು. ವಿಕ್ಟೋರಿಯಾ ರಾಣಿ ರೇಷ್ಮೆ ದಾರ ಎಳೆದು ಮೊದಲ ಗುಂಡು ಹಾರಿಸಿದಳು. 400 ಗಜದಾಚೆ ಅದು ನಡುಬಿಂದುವಿನಿಂದ ಒಂದೂವರೆ ಅಂಗುಲದೊಳಗೇ ಬಿತ್ತು. ಇಷ್ಟಾದರೂ ಸೈನ್ಯ ಆ ರೈಫಲನ್ನು ಒಪ್ಪಿಕೊಳ್ಳಲಿಲ್ಲ. ಕಪ್ಪು ಮದ್ದಿನ ಮಸಿ ಸಣ್ಣ ನಳಿಗೆಯಲ್ಲಿ ಬೇಗ ಕಟ್ಟಿಕೊಳ್ಳುತ್ತಿತ್ತು, ಬೆಲೆಯೂ ದುಬಾರಿ.

ಬುಗುರಿ ಕಲಿಸಿದ ಪಾಠ

ತೆಳ್ಳಗೆ ಉದ್ದ ಮಾಡುವುದೇ ಉಪಾಯ ಎಂದಾದರೆ ಇನ್ನೂ ಉದ್ದ, ಇನ್ನೂ ಉದ್ದ ಮಾಡುತ್ತ ಹೋಗಬಹುದಲ್ಲ ಎಂದು ಕೇಳುತ್ತೀರಿ. ಇಲ್ಲೇ ಇನ್ನರ್ಧ ರಹಸ್ಯ ಇರುವುದು.

ಪೆನ್ಸಿಲೊಂದನ್ನು ಎಸೆದು ನೋಡಿ. ಮುಂದಿನ ತುದಿ ಮುಂದೆಯೇ ಇರುವುದಿಲ್ಲ, ಲಾಗ ಹಾಕುತ್ತದೆ. ಉದ್ದನೆಯ ಗುಂಡೂ ಹಾಗೆಯೇ. ಅದನ್ನು ನೆಟ್ಟಗೆ ಇಡುವುದು ಯಾವುದು? ಬುಗುರಿಯನ್ನು ನಿಲ್ಲಿಸುವುದು ಯಾವುದೋ ಅದೇ: ಗಿರಗಿರ ತಿರುಗುವಿಕೆ. ರೈಫಲ್ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದಿರುತ್ತಾರೆ. ಗುಂಡು ಅದನ್ನು ಹಿಡಿದುಕೊಂಡು ತಿರುಗುತ್ತ ಹೊರಬರುತ್ತದೆ. ಎನ್‌ಫೀಲ್ಡ್‌ನಲ್ಲಿ ಗುಂಡು ಒಂದು ಸುತ್ತು ಹಾಕಲು 78 ಅಂಗುಲ ಸಾಗಬೇಕಿತ್ತು. ವಿಟ್ವರ್ತ್ ಅದನ್ನು 20 ಅಂಗುಲಕ್ಕೆ ಇಳಿಸಿದ್ದ. ಅದಕ್ಕೇ ಅವನ ಉದ್ದನೆಯ ಗುಂಡು ಲಾಗ ಹಾಕದೆ ಹೋಯಿತು.

ತ್ರೀ ನಾಟ್ ತ್ರೀಯಲ್ಲಿ ಹತ್ತು ಅಂಗುಲಕ್ಕೊಂದು ಸುತ್ತು. ಗುಂಡು ಹೊರಡುವ ವೇಗ ಸೆಕೆಂಡಿಗೆ ಸುಮಾರು 744 ಮೀಟರ್. ಹತ್ತು ಅಂಗುಲ ಎಂದರೆ 0.254 ಮೀಟರ್. ಭಾಗಿಸಿ ನೋಡಿ ಮಕ್ಕಳೇ, ಸೆಕೆಂಡಿಗೆ 2,900 ಸುತ್ತು! ನಿಮ್ಮ ತಲೆಯ ಮೇಲಿನ ಫ್ಯಾನು ಸೆಕೆಂಡಿಗೆ ಐದಾರು ಸುತ್ತು ಹಾಕಿದರೆ ಹೆಚ್ಚು.

ಯಾವ ಗುಂಡಿಗೆ ಎಷ್ಟು ಸುತ್ತು ಬೇಕು? ಇದಕ್ಕೆ 1879ರಲ್ಲಿ ಇಂಗ್ಲೆಂಡಿನ ಗಣಿತದ ಪ್ರಾಧ್ಯಾಪಕ ಗ್ರೀನ್‌ಹಿಲ್ ಒಂದು ಸುಲಭ ಸೂತ್ರ ಕೊಟ್ಟರು. ಗುಂಡಿನ ಉದ್ದ ಅದರ ದಪ್ಪದ ಎಷ್ಟು ಪಟ್ಟು ಎಂದು ನೋಡಿ. 150ನ್ನು ಆ ಸಂಖ್ಯೆಯಿಂದ ಭಾಗಿಸಿ. ಬಂದ ಉತ್ತರದಷ್ಟು ದಪ್ಪಗಳ ದೂರದಲ್ಲಿ ಒಂದು ಸುತ್ತು ಆಗಬೇಕು. ದಪ್ಪದ ಮೂರು ಪಟ್ಟು ಉದ್ದದ ಗುಂಡಿಗೆ 50 ದಪ್ಪಗಳ ದೂರ ಸಾಕು. ಐದು ಪಟ್ಟು ಉದ್ದದ ಗುಂಡಿಗೆ 30ರಲ್ಲೇ ಒಂದು ಸುತ್ತು ಆಗಬೇಕು. ಉದ್ದ ಹೆಚ್ಚಿದಷ್ಟೂ ಸುರುಳಿ ಬಿಗಿಯಾಗಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ನಳಿಗೆಯ ಅಗಲ ಬದಲಾಗುವುದಿಲ್ಲ. ಆದ್ದರಿಂದ ಒಂದೇ ನಳಿಗೆಗೆ ಭಾರದ ಗುಂಡು ಬೇಕೆಂದರೆ ಅದು ಉದ್ದವಾಗಲೇಬೇಕು. ಉದ್ದವಾದರೆ ಹೆಚ್ಚು ಸುತ್ತು ಬೇಕು. ಆ ಸುತ್ತನ್ನು ನಳಿಗೆ ಕೊಡದಿದ್ದರೆ ಎಷ್ಟು ಒಳ್ಳೆಯ ಗುಂಡಾದರೂ ವ್ಯರ್ಥ. ಅಮೆರಿಕದ ಸೈನ್ಯದ ಎಂ-16 ರೈಫಲ್‌ನಲ್ಲಿ ಹೀಗೇ ಆಯಿತು. ಮೊದಲು 55 ಗ್ರೇನ್ ಗುಂಡು, 12 ಅಂಗುಲಕ್ಕೊಂದು ಸುತ್ತು. ಆಮೇಲೆ 62 ಗ್ರೇನಿನ ಉದ್ದನೆಯ ಗುಂಡು ಬಂತು. ಹಳೆಯ ನಳಿಗೆಯಲ್ಲಿ ಅದು ಸ್ಥಿರವಾಗಿ ಹಾರಲಿಲ್ಲ. 7 ಅಂಗುಲಕ್ಕೊಂದು ಸುತ್ತಿನ ಹೊಸ ನಳಿಗೆ ಮಾಡಬೇಕಾಯಿತು. ಹೆಚ್ಚಿದ್ದು ಏಳು ಗ್ರೇನ್, ನಾಲ್ಕು ಗುಲಗಂಜಿಗೂ ಕಮ್ಮಿ!

ಹಗುರದ್ದು ಗೆದ್ದದ್ದೂ ಉಂಟು

ಮೊಮ್ಮಗಳು ಗೆದ್ದೆ ಎಂದು ಬೀಗುವ ಮೊದಲು ಮೊಮ್ಮಗನ ಪಕ್ಷವನ್ನೂ ಹೇಳಬೇಕು. ತ್ರೀ ನಾಟ್ ತ್ರೀಗೆ ಮೊದಲು ಇದ್ದ ಗುಂಡು 215 ಗ್ರೇನ್. ಮೂತಿ ಮೊಂಡು. ವೇಗ ಸೆಕೆಂಡಿಗೆ ಸುಮಾರು 628 ಮೀಟರ್. 1910ರಲ್ಲಿ ಅದನ್ನು ಬಿಟ್ಟು ಚೂಪು ಮೂತಿಯ 174 ಗ್ರೇನ್ ಗುಂಡಿಗೆ ಬದಲಾದರು. ಆಕಾರ ಚೂಪಾದದ್ದರಿಂದ ಗಾಳಿಯ ತಡೆ ಇಳಿಯಿತು. ಹಗುರವಾದದ್ದರಿಂದ ಹೊರಡುವ ವೇಗ ಏರಿತು. ಗುಂಡು ನೆಲದ ಕಡೆಗೆ ಬಾಗುವುದು ಕಡಿಮೆಯಾಯಿತು. ಇಲ್ಲಿ ಭಾರದ್ದೇ ಸೋತದ್ದು.

ದೂರ ಬದಲಾದರೆ ಉತ್ತರವೂ ಬದಲಾಗುತ್ತದೆ. ಇಂದಿನ ಸ್ಪರ್ಧೆಗಳಲ್ಲಿ ಹೆಸರು ಮಾಡಿದ 168 ಗ್ರೇನಿನ ಗುಂಡೊಂದಿದೆ. 300 ಮೀಟರ್ ಸ್ಪರ್ಧೆಗೆಂದೇ ರೂಪಿಸಿದ್ದು. ಅಲ್ಲಿ ಅದು ಚಿನ್ನ. ಸಾವಿರ ಗಜಕ್ಕೆ ಹೊಡೆದರೆ ಕೊನೆಯ ಹಂತದಲ್ಲಿ ತಡವರಿಸುತ್ತದೆ. ಶಬ್ದಕ್ಕಿಂತ ವೇಗವಾಗಿ ಹೊರಟ ಗುಂಡು ನಿಧಾನವಾಗುತ್ತ ಬಂದು ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು ದಾಟಿ ಕೆಳಗಿಳಿಯುವಾಗ ಗಾಳಿ ಅದನ್ನು ಅಲುಗಾಡಿಸುತ್ತದೆ. 175 ಗ್ರೇನಿನ ಅಣ್ಣ ಗುಂಡು, ಹಿಂಬದಿಯ ಇಳಿಜಾರು ಸ್ವಲ್ಪ ಬೇರೆ ಇರುವುದರಿಂದ, ಆ ಗಂಡಾಂತರ ದಾಟಿಕೊಳ್ಳುತ್ತದೆ.

ಹಾಗಾಗಿ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಹೀಗೆ: ನಳಿಗೆಯ ಸುರುಳಿ ತಡೆದುಕೊಳ್ಳುವಷ್ಟು ಭಾರ, ಗಾಳಿ ಸೀಳುವ ಆಕಾರ, ಗುರಿ ಮುಟ್ಟುವವರೆಗೆ ಉಳಿಯುವ ವೇಗ. ಸಾವಿರ ಗಜಕ್ಕೆ ಭಾರದ ಕಡೆಗೆ ವಾಲುತ್ತಾರೆ, ನೂರು ಗಜಕ್ಕೆ ಅದರ ಅಗತ್ಯವಿಲ್ಲ. ಗಂಡಿಗೂ ಹೆಣ್ಣಿಗೂ ಜಾತಕ ನೋಡುವವರು ಗುಂಡಿಗೂ ನಳಿಗೆಗೂ ನೋಡಬೇಕು ಎಂದು ನಾನು ಮೊಮ್ಮಕ್ಕಳಿಗೆ ತಮಾಷೆ ಮಾಡುತ್ತೇನೆ.

ಒಂದೇ ರೀತಿ, ಒಂದೇ ರೀತಿ

ಸರಿಯಾದ ಗುಂಡು ಸಿಕ್ಕಿದ ಮೇಲೂ ಗುರಿ ತಪ್ಪುವುದೇಕೆ? ಸಾವಿರ ಗಜ ಸಾಗಲು ಗುಂಡಿಗೆ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ಅದು ಮೂರು ಅಂತಸ್ತಿನ ಮನೆಯ ಎತ್ತರದಷ್ಟು ಕೆಳಗೆ ಇಳಿದಿರುತ್ತದೆ. ಅದಕ್ಕೇ ನಳಿಗೆಯನ್ನು ಲೆಕ್ಕ ಹಾಕಿ ಮೇಲಕ್ಕೆ ಎತ್ತಿ ಹೊಡೆಯುತ್ತಾರೆ. ಅಡ್ಡಗಾಳಿ ಗಂಟೆಗೆ ಹದಿನಾರು ಕಿಲೋಮೀಟರ್ ಬೀಸಿದರೆ, ಅಂದರೆ ಬಟ್ಟೆ ಒಣಹಾಕಿದ ಹಗ್ಗ ಆಡುವಷ್ಟು, ಗುಂಡು ಎರಡು ಮೀಟರ್‌ಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಅಮೆರಿಕದ ಸಾವಿರ ಗಜದ ಪಂದ್ಯದಲ್ಲಿ ಹತ್ತು ಅಂಕದ ವೃತ್ತದ ಅಗಲ 20 ಅಂಗುಲ. ಗಾಳಿ ಓದಲು ಬಾರದವನಿಗೆ ಅಲ್ಲಿ ಜಾಗವಿಲ್ಲ. 1890ರಿಂದ ಇಂಗ್ಲೆಂಡಿನ ಪಂದ್ಯಗಳು ನಡೆಯುವ ಬಿಸ್ಲಿ ಮೈದಾನದ ಉದ್ದಕ್ಕೂ ಬಾವುಟಗಳನ್ನು ನೆಟ್ಟಿರುವುದು ಅಲಂಕಾರಕ್ಕಲ್ಲ, ಗಾಳಿ ನೋಡುವುದಕ್ಕೆ.

ಉಳಿದದ್ದು ಹೊಡೆಯುವವನ ಶಿಸ್ತು. ಭುಜಕ್ಕೆ ಹಿಡಿ ಒತ್ತುವ ಜಾಗ ಪ್ರತಿ ಸಲ ಒಂದೇ. ಕೆನ್ನೆ ಊರುವ ಜಾಗ ಒಂದೇ. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸುವುದು ಒಂದೇ ಕಡೆ. ಕುದುರೆಯನ್ನು ಜಗ್ಗದೆ ಮೆಲ್ಲಗೆ ಒತ್ತುವುದು ಒಂದೇ ಬಗೆ. ಗುಂಡು ಹೊರಟ ಮೇಲೂ ಒಂದು ಕ್ಷಣ ಹಾಗೇ ಇರುವುದು. ದಿನಾಂಕ, ಬಿಸಿಲು, ಗಾಳಿ, ಗುಂಡು ಬಿದ್ದ ಜಾಗ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವುದು. ದಿನದ ಕೊನೆಗೆ ನಗದು ತಾಳೆ ನೋಡದೆ ಮನೆಗೆ ಹೋಗದಿದ್ದ ನನಗೆ ಇದನ್ನು ಓದಿದಾಗ ಬಹಳ ಹಿಡಿಸಿತು.

ಗುರಿಹಲಗೆಯಲ್ಲಿ ಐದು ತೂತುಗಳು ನಡುಬಿಂದುವಿನಿಂದ ದೂರ, ಆದರೆ ಎಲ್ಲ ಒಂದೇ ಕಡೆ ಗುಂಪಾಗಿದ್ದರೆ ಬೇಸರ ಬೇಡ. ರೈಫಲ್‌ನ ಗುರಿಕಣ್ಣು ತಿರುಗಿಸಿದರೆ ಇಡೀ ಗುಂಪು ನಡುವಿಗೆ ಬರುತ್ತದೆ. ಒಂದು ನಡುವಿಗೆ ಬಿದ್ದು ನಾಲ್ಕು ಚೆಲ್ಲಾಪಿಲ್ಲಿಯಾಗಿದ್ದರೆ ತಿರುಗಿಸಲು ಏನೂ ಇಲ್ಲ. ಗಡಿಯಾರದ ವೃತ್ತವನ್ನು 360 ಡಿಗ್ರಿ ಮಾಡಿ, ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು ಒಂದು ಮಿನಿಟ್. ಅಷ್ಟು ಓರೆಯಾದರೆ ನೂರು ಗಜದಲ್ಲಿ ಒಂದು ಅಂಗುಲ, ಸಾವಿರ ಗಜದಲ್ಲಿ ಹತ್ತೂವರೆ ಅಂಗುಲ ತಪ್ಪುತ್ತದೆ.

2024ರ ಆಗಸ್ಟ್ 1ರಂದು ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚು ಗೆದ್ದರು. ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯವರು, ಆಗ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. ಆ ಸ್ಪರ್ಧೆಯ ಗುಂಡು ಸಾಮಾನ್ಯವಾಗಿ 40 ಗ್ರೇನ್, ಅಂದರೆ ಎರಡೂವರೆ ಗ್ರಾಮಿನ ಚಿಲ್ಲರೆ. ತೂಕದಲ್ಲಿ ಆರಿಸಲು ಹೆಚ್ಚೇನೂ ಇಲ್ಲ. ಆದರೂ ದೊಡ್ಡ ಸ್ಪರ್ಧಿಗಳು ಒಂದೇ ಕಾರ್ಖಾನೆಯ ಬೇರೆ ಬೇರೆ ತಂಡದ ತೋಟಾಗಳನ್ನು ತಮ್ಮ ನಳಿಗೆಯಲ್ಲಿ ಹೊಡೆದು ನೋಡಿ, ಯಾವ ತಂಡ ಹೊಂದುತ್ತದೋ ಅದನ್ನೇ ಪೆಟ್ಟಿಗೆಗಟ್ಟಲೆ ಕೊಳ್ಳುತ್ತಾರೆ.

ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ?

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಮೊದಲ ಮಹಾಯುದ್ಧಕ್ಕೆ ಅಮೆರಿಕದ ಸೈನ್ಯ 150 ಗ್ರೇನಿನ ಗುಂಡು ಒಯ್ದಿತ್ತು. ಅದು 4,700 ಗಜ ಹೋಗುತ್ತದೆ ಎಂದು ಕೈಪಿಡಿಯಲ್ಲಿತ್ತು. ಯುದ್ಧರಂಗದಲ್ಲಿ ಅಷ್ಟು ದೂರ ಮುಟ್ಟಲಿಲ್ಲ. ನಿಜವಾಗಿ ಅಳೆದರೆ ಸುಮಾರು 3,400 ಗಜ. ಕಾಗದದ ಲೆಕ್ಕ ನಂಬಿದರೆ ಪ್ರಾಣವೇ ಹೋಗುವ ಜಾಗ ಅದು. ಹಾಗಾಗಿ ಯುದ್ಧದ ನಂತರ ಹಿಂಬದಿ ದೋಣಿಯಂತೆ ಕಿರಿದಾಗುವ, 173 ಗ್ರೇನ್ ಆಸುಪಾಸಿನ ಹೊಸ ಗುಂಡು ಮಾಡಿದರು. ಅದು 5,000 ಗಜವನ್ನೂ ಮೀರಿ ಹೋಯಿತು.

ಆಮೇಲೆ ಆದದ್ದು ವಿಚಿತ್ರ. ಹಳೆಯ ಗುಂಡಿಗೆಂದು ಅಳತೆ ಮಾಡಿದ್ದ ಅಭ್ಯಾಸದ ಮೈದಾನಗಳು ಹೊಸ ಗುಂಡಿಗೆ ಸಾಲದೇ ಹೋದವು. ತಪ್ಪಿದ ಗುಂಡು ಮೈದಾನದ ಎಲ್ಲೆ ದಾಟುವ ಅಪಾಯ. ಕೊನೆಗೆ 1930ರ ದಶಕದ ಕಡೆಗೆ ಮತ್ತೆ 150 ಗ್ರೇನಿನ ಹತ್ತಿರದ ಗುಂಡಿಗೇ ಮರಳಿದರು. ಹೆಚ್ಚು ದೂರ ಹೋಗುವ ಗುಂಡನ್ನು, ಹೆಚ್ಚು ದೂರ ಹೋಗುತ್ತದೆ ಎಂಬ ಕಾರಣಕ್ಕೇ ಕೈಬಿಟ್ಟರು.

ಇದನ್ನು ಓದಿದಾಗ ನನಗೆ ಕಾಲೇಜಿನ ಎನ್.ಸಿ.ಸಿ. ದಿನ ನೆನಪಾಯಿತು. 1970ರ ಆಸುಪಾಸು. ಊರ ಹೊರಗೆ ಗುಡ್ಡದ ಬುಡದಲ್ಲಿ ಫೈರಿಂಗ್ ಮೈದಾನ. ತಲೆಗೆ ಐದು ತೋಟಾ. ನಮಗೆ ಕಲಿಸುತ್ತಿದ್ದ ಹವಾಲ್ದಾರರು ಕೊಡಗಿನವರು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡುತ್ತ ಬೆಳೆದವರು. ನಾವು ಎಂಟು ಹುಡುಗರು ಬೋರಲು ಮಲಗಿ, ಬೆರಳು ಕುದುರೆಯ ಹತ್ತಿರ ಇಟ್ಟಿದ್ದೆವು. ಗುಡ್ಡದ ಮೇಲಿನ ಕೆಂಪು ಬಾವುಟ ಇದ್ದಕ್ಕಿದ್ದಂತೆ ಜೋರಾಗಿ ಬೀಸಿತು. "ನಿಲ್ಸಿ!" ಎಂದು ಹವಾಲ್ದಾರರು ಕೂಗಿದ ಕೂಗು ಇಂದಿಗೂ ಕಿವಿಯಲ್ಲಿದೆ.

ಗುರಿಯ ಹಿಂದಿನ ಇಳಿಜಾರಿನಲ್ಲಿ ಎರಡು ಎಮ್ಮೆ, ಅವುಗಳ ಹಿಂದೆ ಎಂಟು ಹತ್ತು ವರ್ಷದ ಒಬ್ಬ ಹುಡುಗ. ಮಣ್ಣಿನಲ್ಲಿ ಹೂತ ಸೀಸದ ಚೂರು ಆಯ್ದು ಮಾರಲು ಮಕ್ಕಳು ಬರುತ್ತಿದ್ದರಂತೆ. ಹವಾಲ್ದಾರರು ನಮ್ಮ ರೈಫಲ್‌ಗಳನ್ನೆಲ್ಲ ಖಾಲಿ ಮಾಡಿಸಿ, ಒಂದೊಂದನ್ನೂ ತಾವೇ ನೋಡಿ, ಆಮೇಲೆ ಗುಡ್ಡ ಹತ್ತಿ ಹೋದರು. ಹುಡುಗನಿಗೆ ಬೈಯಲಿಲ್ಲ. ಎಮ್ಮೆಯ ಹಗ್ಗ ತಾವು ಹಿಡಿದು, ಅವನನ್ನು ಕೆಳಗಿನ ದಾರಿಯವರೆಗೆ ಬಿಟ್ಟು ಬಂದರು. ವಾಪಸು ಬಂದು ನಮಗೆ ಹೇಳಿದ್ದು ಇಷ್ಟೇ: "ಹುಡುಗ್ರಾ, ಹಲಗೆಗೆ ತಾಗಿದ ಗುಂಡೂ ನಿಮ್ದೇ, ತಪ್ಪಿ ಹೋದ ಗುಂಡೂ ನಿಮ್ದೇ. ಅದು ಎಲ್ಲಿ ನಿಲ್ತದೆ ಅಂತ ಗೊತ್ತಿಲ್ದೆ ಕುದುರೆ ಮುಟ್ಬೇಡಿ."

ಆ ದಿನ ಮತ್ತೆ ಫೈರಿಂಗ್ ನಡೆಯಲಿಲ್ಲ. ತಲೆಗೆ ಐದರಂತೆ ಎಣಿಸಿ ತೋಟಾಗಳನ್ನು ಪೆಟ್ಟಿಗೆಗೆ ವಾಪಸು ಹಾಕಿದೆವು.

ತ್ರೀ ನಾಟ್ ತ್ರೀ ಗುಂಡು ಎರಡೂವರೆ ಕಿಲೋಮೀಟರ್‌ಗೂ ಆಚೆ ಹೋಗಬಲ್ಲದು. ಮೊಮ್ಮಗಳು ಎನ್.ಸಿ.ಸಿ.ಯಲ್ಲಿ ಹೊಡೆಯುವ ಪುಟ್ಟ 40 ಗ್ರೇನಿನ ಗುಂಡು ಕೂಡ ಒಂದು ಕಿಲೋಮೀಟರ್ ದಾಟುತ್ತದೆ. ಮನೆಯಲ್ಲಿ ಕೋವಿ ಇರುವ ಮಲೆನಾಡು, ಕೊಡಗಿನ ಅಜ್ಜ ಅಜ್ಜಿಯರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಮಕ್ಕಳಿಗೆ ಮಾತ್ರ ಹೇಳುತ್ತೇನೆ: ಖಾಲಿ ಇದೆ ಎಂದು ಯಾರೇ ಹೇಳಿದರೂ ಕೋವಿಯನ್ನು ಮುಟ್ಟಬೇಡಿ, ಯಾರ ಕಡೆಗೂ ತಿರುಗಿಸಬೇಡಿ. ಈ ವಿದ್ಯೆ ಇಷ್ಟವಾದರೆ ಎನ್.ಸಿ.ಸಿ. ಸೇರಿ, ಇಲ್ಲವೇ ತರಬೇತುದಾರರಿರುವ ರೈಫಲ್ ಕ್ಲಬ್ಬಿನಲ್ಲಿ ಏರ್ ರೈಫಲ್‌ನಿಂದ ಶುರು ಮಾಡಿ. ಹತ್ತು ಮೀಟರ್ ದೂರದ ಆ ಗುರಿಯ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ಸಾಸಿವೆ ಕಾಳಿಗಿಂತ ಚಿಕ್ಕದು. ಜೀವಮಾನಕ್ಕೆ ಸಾಕಾಗುವಷ್ಟು ಕಲಿಯುವುದು ಅದರಲ್ಲೇ ಇದೆ.

ಮುಂದಿನ ಸಲ ಟಿ.ವಿ.ಯಲ್ಲಿ ರೈಫಲ್ ಸ್ಪರ್ಧೆ ಬಂದಾಗ ಅಂಕಗಳ ಜೊತೆ ಇನ್ನೊಂದನ್ನೂ ಗಮನಿಸಿ. ನಿಂತು ಹೊಡೆಯುವ ಸುತ್ತಿನಲ್ಲಿ ಸ್ಪರ್ಧಿ ರೈಫಲ್ ಎತ್ತುತ್ತಾರೆ, ಗುರಿ ನೋಡುತ್ತಾರೆ, ಉಸಿರು ಹಿಡಿಯುತ್ತಾರೆ. ಏನೋ ಸರಿಯಿಲ್ಲ ಎನಿಸಿದರೆ ಹೊಡೆಯದೆ ರೈಫಲ್ ಇಳಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಗಡಿಯಾರ ಓಡುತ್ತಿರುತ್ತದೆ, ಆದರೂ ಇಳಿಸುತ್ತಾರೆ. ಹಾಗೆ ಎಷ್ಟು ಸಲ ಇಳಿಸಿದರು ಎಂದು ಅಜ್ಜನ ಜೊತೆ ಕೂತು ಎಣಿಸಿ.